ಗೋಡೆ ಮೇಲಿನ ಆಟ

ಮಿರ್ಲೆಯ ಸುನಂದಮ್ಮನಿಗೆ ನಲವತ್ತಾರು ತುಂಬುವಷ್ಟರಲ್ಲಿ ಮೂರು ಹೊಸ ವಸ್ತುಗಳು ಒಂದರ ಹಿಂದೊಂದು ಬಂದಿದ್ದವು: ಚಾಳೀಸು ಕನ್ನಡಕ, ಗಂಡನ ಹಳೇ ಮೊಬೈಲು, ಮತ್ತು ಮಧ್ಯಾಹ್ನ. ಕನ್ನಡಕ ಬಂದದ್ದು ವಯಸ್ಸಿನ ಕೃಪೆಯಿಂದ. ಮೊಬೈಲು ಬಂದದ್ದು ಗಂಡ ಕನಕರಾಜು ಊರಿಗೆಲ್ಲ ಹಾಡು ಕೇಳಿಸುವಂಥ ಒಂದು ಚೈನಾ ಸೆಟ್ಟು ತಂದುಕೊಂಡಿದ್ದರಿಂದ. ಮಧ್ಯಾಹ್ನವೇನೋ ಮೊದಲಿಂದಲೂ ದಿನಕ್ಕೊಂದರಂತೆ ಬರುತ್ತಲೇ ಇತ್ತು. ಆದರೆ ಅದರ ತುಂಬ ಸೋಮಮ್ಮ ಇರುತ್ತಿದ್ದುದರಿಂದ ಅದು ಮಧ್ಯಾಹ್ನ ಅಂತ ಗೊತ್ತಾಗುತ್ತಿರಲಿಲ್ಲ. ಈಗ ಸೋಮಮ್ಮ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಸೋಮಮ್ಮ ಅಂದರೆ ಕನಕರಾಜುವಿನ ಅಣ್ಣ ಚೆಲುವಯ್ಯನ ಹೆಂಡತಿ, ಸುನಂದಮ್ಮನಿಗೆ ವಾರಗಿತ್ತಿ. ಹೆಸರಿನಲ್ಲಿ ವಾರ ಇದೆ ಅಂತ ಇವರ ಮುನಿಸು ವಾರಕ್ಕೆ ಮುಗಿಯಲಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಹಿತ್ತಲ ನಡುವೆ ಎದೆಮಟ್ಟದ ಗೋಡೆಯೊಂದು ಎದ್ದಿತ್ತು. ಅದು ಗಂಡಸರು ಎಬ್ಬಿಸಿದ ಗೋಡೆ. ಹೆಂಗಸರು ಅದನ್ನು ಗೋಡೆ ಅಂತ ಲೆಕ್ಕಕ್ಕೇ ಇಟ್ಟುಕೊಳ್ಳದೆ, ಸಾರಿನ ಬಟ್ಟಲು ಇಡೋಕೆ, ಕರಿಬೇವು ಇಡೋಕೆ, ಮೊಣಕೈ ಊರಿ ಊರ ಸುದ್ದಿ ಆಡೋಕೆ ಒಂದು ಕಟ್ಟೆ ಮಾಡಿಕೊಂಡಿದ್ದರು. ಊಟವಾದ ಮೇಲೆ ಸುನಂದಮ್ಮ ಬೀದಿ ಸುತ್ತಿ ಆ ಕಡೆಯ ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿ ಚಪ್ಪಡಿ ಮೇಲೆ ಚೌಕಾಬಾರದ ಮನೆ ಕೊರೆದಿತ್ತು. ಹುಣಸೆಬೀಜ ಉರುಳಿಸಿ ಇಬ್ಬರೂ ಸಂಜೆ ಎಮ್ಮೆ ಅರಚುವ ತನಕ ಆಡುತ್ತಿದ್ದರು.

ಎಲ್ಲಾ ಕೆಡಿಸಿದ್ದು ಉಪ್ಪು. ಸೋಮಮ್ಮನ ಮಗಳು ಕಾವ್ಯಶ್ರೀಯ ವೀಳ್ಯಶಾಸ್ತ್ರಕ್ಕೆ ಹುಣಸೂರಿಂದ ಗಂಡಿನ ಕಡೆಯವರು ಬಂದಿದ್ದರು. ಅವರೆಕಾಳಿನ ಸಾರು ಕಲಸಿಕೊಂಡ ಗಂಡಿನ ಸೋದರತ್ತೆ ಒಂದು ತುತ್ತಿಗೇ ಮಜ್ಜಿಗೆ ಕೇಳಿದರು. ಬಡಿಸುತ್ತಿದ್ದ ಸುನಂದಮ್ಮನ ನಾಲಿಗೆಗೆ ತಡೆ ಅನ್ನೋದು ಹುಟ್ಟಿನಿಂದಲೂ ಇಲ್ಲ. "ನಮ್ಮಕ್ಕನ ಕೈ ಬಲೇ ಧಾರಾಳ ಕಣ್ರೀ, ಉಪ್ಪು ಹಾಕೋದ್ರಲ್ಲೂ ಜಿಪುಣತನ ಇಲ್ಲ" ಅಂದಳು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಸಂಬಂಧವೇನೂ ಮುರಿಯಲಿಲ್ಲ, ಮದುವೆಯೂ ಚೆನ್ನಾಗಿಯೇ ಆಯಿತು. ಮುರಿದದ್ದು ಸೋಮಮ್ಮನ ಮಾತು ಮಾತ್ರ.

ಇಂಥ ವಿಷಯಕ್ಕೆ ಊರಲ್ಲಿ ಒಂದು ಕಟ್ಟುಪಾಡಿದೆ. ಮಾತು ಬಿಟ್ಟವರೇ ಮಾತು ಎತ್ತಬೇಕು. ಬಿಡಿಸಿಕೊಂಡವರು ಎಷ್ಟು ಮಾತಾಡಿದರೂ ಅದು ಜಮಾ ಆಗುವುದಿಲ್ಲ. ಸುನಂದಮ್ಮ ಮಾತಾಡಿಸದೆ ಬಿಟ್ಟಿರಲಿಲ್ಲ. "ಅಕ್ಕ, ಕರಿಬೇವು ಬೇಕಾ?" ಅಂತ ಗೋಡೆ ಮೇಲಿಂದ ಕೇಳಿದರೆ ಸೋಮಮ್ಮ ತನ್ನ ಎಮ್ಮೆಯ ಕಡೆ ತಿರುಗಿ, "ನೋಡವ್ವ, ಯಾರ ಮನೇಲೋ ಕರಿಬೇವು ಎಚ್ಚಾಗಿ ಅದೆಯಂತೆ. ನಿಂಗೇನಾರ ಬೇಕಾ?" ಅನ್ನುತ್ತಿದ್ದಳು. ಎಮ್ಮೆ ಯಾವ ಪಕ್ಷಕ್ಕೂ ಸೇರದೆ ಮೆಲುಕು ಹಾಕುತ್ತಿತ್ತು. ಎರಡು ವರ್ಷ ಹೀಗೇ ಎಮ್ಮೆಯ ಮಧ್ಯಸ್ಥಿಕೆಯಲ್ಲಿ ನಡೆಯಿತು.

ಒಂದು ಮಧ್ಯಾಹ್ನ ಸುನಂದಮ್ಮ ಹುಣಸೆಹಣ್ಣಿನ ನಾರು ಬಿಡಿಸುತ್ತಾ ಕೂತಿದ್ದಾಗ ಗೋಡೆಯಾಚೆಯಿಂದ ಕೀಂಕ್, ಕೀಂಕ್ ಅಂತ ಸದ್ದು ಬಂತು. ಕೋಳಿಮರಿ ಅಂದುಕೊಂಡಳು. ಇಣುಕಿ ನೋಡಿದರೆ ಸೋಮಮ್ಮ ಚಪ್ಪಡಿ ಮೇಲೆ ಒಬ್ಬಳೇ ಕೂತು, ಮಗಳು ಕೊಟ್ಟ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಹೆಬ್ಬೆರಳಲ್ಲಿ ಹಾವು ಆಡಿಸುತ್ತಿದ್ದಳು. ಸುನಂದಮ್ಮ ಸದ್ದಿಲ್ಲದೆ ತಲೆ ಕೆಳಗೆ ಎಳೆದುಕೊಂಡಳು. ಅಕ್ಕ ಮಾತು ಬಿಟ್ಟಿದ್ದಾಳೆ ನಿಜ, ಆಟ ಬಿಟ್ಟಿಲ್ಲ!

ಅವಳ ತಲೆಯಲ್ಲಿ ಹುಳ ಬಿತ್ತು. ಚೌಕಾಬಾರಕ್ಕೆ ಕರೆದರೆ ಬರುವುದಿಲ್ಲ. ಎದುರುಬದುರು ಕೂತು ಬಾಯಿ ಬಿಗಿದುಕೊಂಡು ಆಡೋದನ್ನ ಊರವರು ನೋಡಿದರೆ ನಗದೆ ಬಿಡುತ್ತಾರಾ? ಆದರೆ ಈ ಮೊಬೈಲಲ್ಲಿ, ಇವಳೊಂದು ಸಲ ಆಡಿ ಗೋಡೆ ಮೇಲಿಟ್ಟು, ಅವಳೊಂದು ಸಲ ಆಡಿ ಗೋಡೆ ಮೇಲಿಟ್ಟು, ಹಾಗೆ ಮಾತಿಲ್ಲದೆ ಆಡುವಂಥದ್ದು ಏನಾದರೂ ಇದ್ದರೆ? ಆಡ್ತಾ ಆಡ್ತಾ ಅಕ್ಕನ ಬಾಯಿಂದ ಒಂದು ಮಾತು ಜಾರಿದರೂ ಸಾಕು. ಒಂದೇ ಒಂದು.

ಮಾರನೇ ದಿನ ಸಾಲಿಗ್ರಾಮದ ಕಡೆಯಿಂದ ಬರುವ ಬಸ್ಸು ಹತ್ತಿ ಕೆ.ಆರ್. ನಗರಕ್ಕೆ ಹೊರಟಳು. ಕನಕರಾಜು ಜಗಲಿಯಿಂದಲೇ ಕೂಗಿದ. "ಎಲ್ಲಿಗೆ ಸವಾರಿ?"

"ಮೊಬೈಲಿಗೆ ಒಂದು ಗೇಮು ಹಾಕಿಸ್ಕಬರಾಕೆ."

"ನೋಡ್ರಪ್ಪ! ಗೇಯ್ಮೆ ಬುಟ್ಟು ಗೇಮು ಕಲಿಯಾಕೆ ಹೊಂಟವ್ಳೆ!"

"ನೀವು ಬುಟ್ಟಿರೋ ಗೇಯ್ಮೆ ಮುಗಿಸೇ ಹೊಂಟಿರೋದು" ಅಂದವಳೇ ಬಸ್ಸಿನ ಕಡೆ ನಡೆದಳು.

ನಗರದ ಬಸ್‌ಸ್ಟ್ಯಾಂಡಿನ ಎದುರು ವಾಣಿಶ್ರೀ ಮೊಬೈಲ್ಸ್ ಅಂತ ಒಂದು ಗೂಡಿನಂಥ ಅಂಗಡಿ. ಮಾಲೀಕನ ಹೆಸರು ಧರ್ಮೇಂದ್ರ, ವಾಣಿಶ್ರೀ ಅವನ ಹೆಂಡತಿ. ಹೆಸರಲ್ಲಿ ಧರ್ಮ ಇದ್ದರೂ ಧರ್ಮಕ್ಕೆ ಏನನ್ನೂ ಕೊಟ್ಟವನಲ್ಲ. ಕರೆನ್ಸಿ ಹಾಕುವುದು, ಹಾಡು ತುಂಬುವುದು, ಗೇಮು ಹಾಕುವುದು ಅವನ ಕಸುಬು. ಆದರೆ ಅವನಿಗೊಂದು ಕುತೂಹಲದ ಕಾಯಿಲೆಯಿತ್ತು. ಯಾರಿಗೆ ಯಾವ ಗೇಮು ಯಾಕೆ ಬೇಕು ಅಂತ ಕೇಳದೆ ಹಾಕುತ್ತಿರಲಿಲ್ಲ. ಕಾಲೇಜು ಹುಡುಗರು ಬಂದು 'ಹೊಸದೇನು ಬಂದಿದೆ?' ಅಂತಾರೆ, ನಲವತ್ತು ದಾಟಿದವರು 'ನಡುವೆ ನಿಲ್ಲಿಸಬಹುದಾ?' ಅಂತಾರೆ ಅನ್ನುವುದು ಅವನ ಸಂಶೋಧನೆ.

ಸುನಂದಮ್ಮ ಹೋದಾಗ ಅಲ್ಲಿ ಶಿವಶಂಕರ್ ಅಂತ ಸೊಸೈಟಿಯ ಗುಮಾಸ್ತರೊಬ್ಬರು ನಿಂತಿದ್ದರು. ಐವತ್ತರ ಆಸುಪಾಸು, ಜೇಬಲ್ಲಿ ಎರಡು ಪೆನ್ನು.

"ಸಾರ್, ಈ ಬಂದೂಕಿಂದು ಹಾಕ್ಲಾ?" ಧರ್ಮೇಂದ್ರ ಕೇಳುತ್ತಿದ್ದ.

"ಬೇಡಪ್ಪ. ನಂದು ಒಂದೇ ಷರತ್ತು. ದೂರದಿಂದ ನೋಡಿದೋರಿಗೆ ನಾನು ಏನೋ ಲೆಕ್ಕ ಹಾಕ್ತಾ ಇದೀನಿ ಅಂತ ಕಾಣಬೇಕು."

"ಅಂದ್ರೆ ಆಫೀಸಿಗೆ."

"ಮನೆಗೆ ಕಣಯ್ಯ. ಆಫೀಸಲ್ಲಿ ಯಾರು ನೋಡ್ತಾರೆ?"

ಸುನಂದಮ್ಮನಿಗೆ ನಗು ತಡೆಯಲಾಗಲಿಲ್ಲ. ಶಿವಶಂಕರ್ ಅಂಕಿಗಳನ್ನು ಸಾಲಾಗಿ ಜೋಡಿಸುವ ಒಂದು ಆಟ ಹಾಕಿಸಿಕೊಂಡು, ಅಲ್ಲೇ ಗಂಭೀರವಾಗಿ ಹುಬ್ಬು ಗಂಟಿಕ್ಕಿ ಅಭ್ಯಾಸ ಮಾಡುತ್ತಾ ಹೋದರು.

"ನಿಮಗೇನಕ್ಕ?" ಧರ್ಮೇಂದ್ರ ಕೇಳಿದ.

"ಒಂದು ಆಟ ಬೇಕು ತಮ್ಮ. ಇಬ್ಬರು ಆಡೋದು. ಸದ್ದು ಬರಬಾರ್ದು. ಹಾಲು ಉಕ್ತು ಅಂತ ಎದ್ದು ಹೋದ್ರೆ ನಾ ಬರೋಗಂಟ ಅದು ಅಂಗೇ ಕಾಯ್ತಾ ಇರಬೇಕು. ಕಾಯಿ ದಪ್ಪಕೆ ಕಾಣಬೇಕು, ನಂಗೆ ಚಾಳೀಸು ಬಂದದೆ."

"ಗಂಡನ ಜೊತೆ ಆಡಾಕಾ?"

"ಗಂಡನ ಜೊತೆ ಆಡಾಕೆ ಮೊಬೈಲ್ ಯಾಕಪ್ಪ, ದಿನಾ ಆಡ್ತಾನೇ ಇವ್ನಿ. ಇದು ನಮ್ಮಕ್ಕಂಗೆ. ನಮ್ಮ ವಾರಗಿತ್ತಿ. ಅವಳು ನನ್ನ ಮಾತಾಡ್ಸಲ್ಲ."

ಧರ್ಮೇಂದ್ರನ ಕಣ್ಣು ಅಗಲವಾಯಿತು. ಮಾತಾಡ್ಸದವರ ಜೊತೆ ಆಡುವ ಆಟ ಬೇಕು ಅಂತ ಇದುವರೆಗೆ ಯಾರೂ ಕೇಳಿರಲಿಲ್ಲ. ಅವನು ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿ ಒಂದೊಂದಾಗಿ ತೋರಿಸತೊಡಗಿದ.

"ಕಾರು ರೇಸು?"

"ನಗರದ ಬಸ್ಸಲ್ಲೇ ಬಂದಿವ್ನಿ. ಎದೆ ಇನ್ನೂ ಡವಡವ ಅಂತದೆ, ಬೇಡ."

"ಇದು ನೋಡಿ, ಮೇಲಿಂದ ಇಟ್ಟಿಗೆ ಬೀಳ್ತದೆ, ಸಂದಿ ಇಲ್ದಂಗೆ ಜೋಡಿಸ್ಬೇಕು."

ಸುನಂದಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ವರಸೆ ತುಂಬಿದ ತಕ್ಷಣ ಎಲ್ಲೋ ಓಯ್ತಲ್ಲಾ?"

"ಮಾಯ ಆಗ್ತದೆ. ಅದೇ ಆಟ."

"ಕಟ್ಟಿದ್ದು ಮಾಯ ಆಗೋದಾದ್ರೆ ಮೇಸ್ತ್ರಿಗೆ ಕೂಲಿ ಯಾಕೆ? ಬೇಡ ಬುಡು."

"ಹಾವಿನ ಆಟ ನಿಮ್ಮ ಫೋನಲ್ಲೇ ಐತೆ."

"ಅದನ್ನ ಸಾಕಿ ಸಾಕಿ ಉದ್ದ ಮಾಡಿ ಕಡೀಗೆ ನಾವೇ ಗೋಡೆಗೆ ಗುದ್ದಿಸಿ ಸಾಯಿಸೋದು. ನಾಗಪ್ಪನ ವಿಷಯ, ಯಾಕೆ ಬೇಕು? ಅಕ್ಕ ಏನೋ ಆಡ್ತಾವ್ಳೆ, ಆಮೇಲೆ ಹುತ್ತಕ್ಕೆ ಹಾಲು ಹುಯ್ಕಂಡು ಬತ್ತಾಳೋ ಏನೋ."

ಕೊನೆಗೆ ಒಂದು ಚಿತ್ರದ ಆಟ ಒಪ್ಪಿದಳು. ಇಸ್ಪೀಟಿನ ಥರ ಮುಚ್ಚಿದ ಎಲೆಗಳನ್ನು ತಿರುವಿ ತಿರುವಿ ಒಂದೇ ಥರದ ಹಣ್ಣು ಎರಡು ಸಿಕ್ಕರೆ ಜೋಡಿ ಮಾಡುವುದು. ಇಬ್ಬರು ಆಡಬಹುದು, ಎಷ್ಟು ಹೊತ್ತು ಬಿಟ್ಟರೂ ಕಾಯುತ್ತದೆ, ಹಣ್ಣೂ ದಪ್ಪಗಿವೆ. "ಜೋಡಿ ಸೇರೋ ಆಟ, ನಿಮಗೆ ಸರಿಯಾಗೈತೆ" ಅಂದ ಧರ್ಮೇಂದ್ರ. "ಆಮೇಲೆ ಏನಾಯ್ತು ಅಂತ ಬಂದು ಯೋಳಬೇಕು ಅಕ್ಕ. ಯೋಳ್ದಿದ್ರೆ ನಂಗೆ ನಿದ್ದೆ ಬರಲ್ಲ."

ಮಾರನೇ ಮಧ್ಯಾಹ್ನ ಸೋಮಮ್ಮ ಗೋಡೆಯಾಚೆ ಹಳೇ ಪಂಚೆ ಹಾಸಿ ಸಂಡಿಗೆ ಬಿಡುತ್ತಿದ್ದಳು. ಸುನಂದಮ್ಮ ಒಂದು ಜೊತೆ ಎಲೆ ತಿರುವಿ, ಫೋನನ್ನು ಗೋಡೆಯ ಮೇಲೆ ಅವಳ ಕಡೆ ಮುಖ ಮಾಡಿಟ್ಟು, ಒಂದು ಸಲ ಕೆಮ್ಮಿ, ಕೆಳಗೆ ಕೂತಳು. ಆಚೆ ಬಳೆ ಸದ್ದಾಯಿತು. ಕೈ ಬಂತು. ಫೋನು ಹೋಯಿತು. ಸುನಂದಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಾದಳು. ಅರ್ಧ ಗಂಟೆಯಾದರೂ ಫೋನು ವಾಪಸ್ ಬರಲಿಲ್ಲ. ಅಷ್ಟೊಂದು ಹಿಡಿಸಿತಾ ಅಂತ ಎದ್ದು ನೋಡಿದರೆ, ಗಾಳಿಗೆ ಹಾರದ ಹಾಗೆ ಪಂಚೆಯ ಮೂರು ಮೂಲೆಗೆ ಮೂರು ಕಲ್ಲು, ನಾಲ್ಕನೇ ಮೂಲೆಗೆ ಅವಳ ಫೋನು.

"ನೋಡವ್ವ," ಸೋಮಮ್ಮ ಎಮ್ಮೆಗೆ ಹೇಳುತ್ತಿದ್ದಳು, "ಯಾರೋ ಕಲ್ಲು ಕೊಟ್ಟವ್ರೆ. ಒಳ್ಳೆ ತೂಕವಾಗಿ ಅದೆ."

ಸುನಂದಮ್ಮ ಅಂದು ರಾತ್ರಿ ಅಡುಗೆಗೆ ಉಪ್ಪನ್ನೇ ಮರೆತಳು. ಕನಕರಾಜು ಮಾತಿಲ್ಲದೆ ಉಂಡು ಎದ್ದ. ಮನೆಯಲ್ಲಿ ಆ ಪದಾರ್ಥದ ಹೆಸರು ಎತ್ತುವ ಧೈರ್ಯ ಅವನಿಗೂ ಇರಲಿಲ್ಲ.

ಎರಡನೇ ಸಲ ನಗರಕ್ಕೆ ಹೋದಾಗ ಧರ್ಮೇಂದ್ರ ಇದ್ದ ಗಿರಾಕಿಗಳನ್ನೆಲ್ಲ ಬದಿಗೆ ಸರಿಸಿ, "ಏನಾಯ್ತಕ್ಕ?" ಅಂದ. ಸಂಡಿಗೆಯ ಕತೆ ಕೇಳಿ ನಕ್ಕು ನಕ್ಕು ಕಣ್ಣೊರೆಸಿಕೊಂಡ. ಆಮೇಲೆ ಯೋಚನೆಗೆ ಬಿದ್ದ.

"ಅಕ್ಕ, ಆ ಆಟದಲ್ಲಿ ನಿಮ್ಮ ಹಣ್ಣು ನಿಮಗೆ, ಅವರ ಹಣ್ಣು ಅವರಿಗೆ. ನೀವು ಏನು ಮಾಡಿದ್ರೂ ಅವರಿಗೆ ಬಿಸಿ ತಾಗಲ್ಲ. ಮೊದಲು ಒಟ್ಟಿಗೆ ಏನು ಆಡ್ತಿದ್ರಿ?"

"ಚೌಕಾಬಾರ. ಅಕ್ಕ ಆಡಾಕೆ ಕೂತ್ರೆ ಬೇರೇನೇ ಮನುಷ್ಯಳು. ನನ್ನ ಕಾಯಿ ಕಡಿದ್ರೆ ಕಂಠ ಮೂರು ಬೀದಿಗೆ ಕೇಳ್ತಿತ್ತು. ನಾ ಅವಳ ಕಾಯಿ ಕಡಿದ್ರೆ ನಾಲ್ಕು ಬೀದಿಗೆ."

"ಅದನ್ನ ಮೊದಲೇ ಯೋಳಬಾರ್ದಾ!" ಧರ್ಮೇಂದ್ರ ಹುಡುಕಿ ಲೂಡೋ ಅಂತ ಒಂದನ್ನು ತೆಗೆದ. ಚೌಕಾಬಾರದ ದಾಯಾದಿ ಥರ ಇತ್ತು. ಬೀಜದ ಬದಲು ಒಂದು ಚೌಕದ ದಾಳ, ಗುಂಡಿ ಒತ್ತಿದರೆ ತಾನೇ ಉರುಳುತ್ತದೆ. ಸುನಂದಮ್ಮನಿಗೆ ಕೆಂಪು, ಅಕ್ಕನಿಗೆ ಹಸಿರು. ಯಾರ ಸರದಿಯೋ ಆ ಬಣ್ಣ ಮಿಣುಕುತ್ತದೆ, ಎಷ್ಟು ದಿನ ಬಿಟ್ಟರೂ ಅಲ್ಲೇ ಮಿಣುಕುತ್ತಾ ನಿಂತಿರುತ್ತದೆ. ಎದುರಾಳಿಯ ಕಾಯಿ ಇರುವ ಮನೆಗೆ ಹೋಗಿ ಬಿದ್ದರೆ ಅದನ್ನು ಕಡಿಯಬಹುದು.

"ಕಡೀಬೋದು ತಾನೆ?" ಸುನಂದಮ್ಮ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಈ ಸಲ ಫೋನು ಗೋಡೆ ಹತ್ತಿದಾಗ ಸುನಂದಮ್ಮ ಗೋಡೆಯ ಕೆಳಗೆ ಕೂರಲಿಲ್ಲ, ಅಡುಗೆಮನೆ ಕಿಟಕಿಯಿಂದ ನೋಡಿದಳು. ಸೋಮಮ್ಮ ಫೋನು ಎತ್ತಿಕೊಂಡಳು. ಕೆಳಗಿಡಲು ಹೋದಳು. ಮತ್ತೆ ಮೂಗಿನ ಹತ್ತಿರ ತಂದಳು. ಒಂದು ಬೆರಳಿಂದ ಹಸಿರು ಮನೆ ಮುಟ್ಟಿ ಮುಟ್ಟಿ ಎಣಿಸಿದಳು. ಸುತ್ತ ನೋಡಿ, ಎಮ್ಮೆಗೆ ಬೆನ್ನು ಮಾಡಿ, ಗುಂಡಿ ಒತ್ತಿದಳು. ಫೋನು ಗೋಡೆಗೆ ವಾಪಸ್ ಬಂತು.

ಅಂದಿನಿಂದ ಗೋಡೆ ಮೇಲೆ ಆಟ ನಡೆಯಿತು. ಬೆಳಿಗ್ಗೆ ಕೊಟ್ಟಿಗೆ ಗುಡಿಸುವಾಗ ಒಂದು ದಾಳ, ಮುದ್ದೆ ತೊಳಸಿದ ಮೇಲೆ ಒಂದು, ಮಧ್ಯಾಹ್ನ ಮಾತ್ರ ಬಿಡುವಿಲ್ಲದ ಹಾಗೆ. ಕಾಗೆ ಎತ್ತಿಕೊಂಡು ಹೋಗದಿರಲಿ ಅಂತ ಸೋಮಮ್ಮ ಫೋನಿನ ಮೇಲೆ ಒಂದು ತೆಂಗಿನಚಿಪ್ಪು ಬೋರಲು ಹಾಕಲು ಶುರುಮಾಡಿದಳು. ಸುನಂದಮ್ಮ ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡಳು. ಆದರೆ ಮಾತು? ಮಾತು ಮಾತ್ರ ಇಲ್ಲ. ಒಂದು ದಿನ ಚಿಪ್ಪು ಎತ್ತಿ ನೋಡಿದರೆ, ಅರ್ಧ ದಾರಿ ಹೋಗಿದ್ದ ತನ್ನ ಕೆಂಪು ಕಾಯಿ ಮನೆಗೆ ವಾಪಸಾಗಿ ಬಿದ್ದಿದೆ. ಅಕ್ಕ ಕಡಿದಿದ್ದಾಳೆ! ಸದ್ದೇ ಇಲ್ಲದೆ ಕಡಿದಿದ್ದಾಳೆ. ಕಾಯಿ ಹೋದದ್ದಕ್ಕಲ್ಲ, ಆ ಸದ್ದಿಲ್ಲದ್ದಕ್ಕೆ ಸುನಂದಮ್ಮ ಚಿಪ್ಪನ್ನು ಮತ್ತೆ ಬೋರಲು ಹಾಕಿ, ದಾಳ ಉರುಳಿಸದೆಯೇ ಒಳಗೆ ಹೋದಳು. ಮೂರು ಬೀದಿಗೆ ಕೇಳುವ ಕಂಠ ಇಷ್ಟನ್ನೂ ನುಂಗಿಕೊಂಡಿತಲ್ಲ. ಇನ್ನು ಯಾವ ಆಟ ತಂದು ಏನು ಪ್ರಯೋಜನ?

ಬೇಸರದಲ್ಲೇ ಆಡುತ್ತಾ ಹೋದಳು. ಅವಳ ಇನ್ನೊಂದು ಕೆಂಪು ಕಾಯಿ, ಯಾರ ಕಣ್ಣಿಗೂ ಬೀಳದೆ, ಸುತ್ತು ಪೂರ್ತಿ ಮಾಡಿತು. ಒಂದು ಮಧ್ಯಾಹ್ನ ಬಾಣಲೆಯಲ್ಲಿ ಸಾಸಿವೆ ಚಟಗುಟ್ಟುತ್ತಿರುವಾಗ ಬಂದು ಅವಸರದಲ್ಲಿ ಗುಂಡಿ ಒತ್ತಿದಳು. ಐದು ಬಿತ್ತು. ಕೆಂಪು ಕಾಯಿ ತಾನಾಗಿಯೇ ತಿರುಗಿ ಒಳಗಿನ ಸಾಲಿಗೆ ಜಾರಿತು. ಸುನಂದಮ್ಮ ಸರಿಯಾಗಿ ನೋಡಲೂ ಇಲ್ಲ. ಫೋನು ಗೋಡೆ ಮೇಲಿಟ್ಟು ಒಗ್ಗರಣೆಗೆ ಓಡಿದಳು.

ಸಾರು ಇಳಿಸಿ ಸೌಟು ಹಿಡಿದುಕೊಂಡಿರುವಾಗ ಹಿತ್ತಲಿಂದ ಕೂಗು ಬಂತು.

"ಏಯ್ ಸುನಂದಾ!"

ಸುನಂದಮ್ಮ ಇದ್ದಲ್ಲೇ ನಿಂತಳು. ಅಕ್ಕ ಎಮ್ಮೆಗೆ ಸುನಂದಾ ಅಂತ ಹೆಸರಿಟ್ಟುಬಿಟ್ಟಳಾ ಅನ್ನೋ ಅನುಮಾನ ಬಂತು. ಎರಡು ವರ್ಷದಲ್ಲಿ ಏನಾದರೂ ಆಗಬಹುದು.

"ಕಿವಿ ಕೇಳಾಕಿಲ್ವಾ? ಬಾಮ್ಮಿ ಇಲ್ಲಿ!"

ಎಮ್ಮೆಗೆ ಯಾರೂ ಬಾಮ್ಮಿ ಅನ್ನುವುದಿಲ್ಲ. ಸುನಂದಮ್ಮ ಸೌಟಿನ ಸಮೇತ ಹಿತ್ತಲಿಗೆ ಓಡಿದಳು. ಗೋಡೆಯ ಆಚೆ ಸೋಮಮ್ಮ ನಿಂತಿದ್ದಳು. ಮುಖ ಕೆಂಪಾಗಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ತೆಂಗಿನಚಿಪ್ಪು.

"ಯಾರನ್ನ ಕಡ್ದೆ ಅಂತ ಒಳೀಕೆ ಓದೆ ನೀನು?"

ಸುನಂದಮ್ಮನಿಗೆ ಆಗ ಹೊಳೆಯಿತು. ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಮನೆಗೆ ಕಾಲಿಡುವ ಹಾಗಿಲ್ಲ. ಕಡಿಯದವರು ಹೊರಗೇ ಸುತ್ತುತ್ತಾ ಇರಬೇಕು. ಈ ಮೊಬೈಲಿನ ಆಟ ಮಾಡಿದವನಿಗೆ ಅದು ಗೊತ್ತಿರಲಿಲ್ಲ. ಅವನು ಬಾಗಿಲು ಹಾಕದೆ ಬಿಟ್ಟಿದ್ದ. ಇವಳು ಒಂದು ಹಸಿರನ್ನೂ ಮುಟ್ಟದೆ ಗರ್ಭಗುಡಿಗೆ ನುಗ್ಗಿಬಿಟ್ಟಿದ್ದಳು.

"ನಾನೆಲ್ಲಿ ಓದೆ ಅಕ್ಕ? ಫೋನೇ ಕರ್ಕಂಡು ಓಯ್ತು."

"ಫೋನು ಯಾರ್ದು?"

"ನಂದು."

"ಒತ್ತಿದ ಬೆಳ್ಳು ಯಾರ್ದು?"

"ನಂದೇಯ."

"ಮತ್ತೆ? ಕಳ್ಳಾಟ ಆಡಾಕೆ ನಾಚಿಕೆ ಆಗಲ್ವಾ? ನಾನು ಒಂದು ಕಡ್ದಿವ್ನಿ, ಆದ್ರೂವೆ ಸುತ್ತು ಹಾಕ್ಕಂಡು ಮರ್ಯಾದೆಯಾಗಿ ಬತ್ತಾ ಇವ್ನಿ. ನೀನು ಯಾರನ್ನೂ ಮುಟ್ಟದೆ ಒಳೀಕೆ ಓಗಿ ಕಾಲು ಚಾಚ್ಕಂಡು ಮನಗಿದ್ದೀಯ!"

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ತಪ್ಪಾಯ್ತು ಅಕ್ಕ ಅನ್ನೋ ಮಾತು ಸುನಂದಮ್ಮನ ನಾಲಿಗೆ ತುದಿಗೇ ಬಂತು. ಜೀವಮಾನದಲ್ಲಿ ಮೊದಲ ಸಲ ಅವಳು ನಾಲಿಗೆಯನ್ನು ಹಿಡಿದುಕೊಂಡಳು. ತಪ್ಪಾಯ್ತು ಅಂದರೆ ಅಕ್ಕ 'ಸರಿ ಬುಡು' ಅನ್ನುತ್ತಾಳೆ. ಸರಿ ಬುಡು ಅಂದ ಮೇಲೆ ಒಳಗೆ ಹೋಗುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು. ಇಷ್ಟು ಕಷ್ಟಪಟ್ಟು ಬಂದ ಮಾತನ್ನು ಅಷ್ಟು ಬೇಗ ಮುಗಿಸಲು ಅವಳಿಗೇನು ತಲೆ ಕೆಟ್ಟಿದೆಯೇ?

"ನಮ್ಮ ಬಿಳಿಕೆರೇಲಿ ಕಡೀದೇನೇ ಒಳೀಕೆ ಓಗೋದು ಕಣಕ್ಕ" ಅಂದಳು. ಬಿಳಿಕೆರೆ ಅವಳ ತವರು. ಅಲ್ಲೂ ಹಾಗೆ ಯಾರೂ ಹೋಗುವುದಿಲ್ಲ.

"ಬಿಳಿಕೆರೆಯೋರಿಗೆ ಏನಮ್ಮಿ ಗೊತ್ತು, ಮೈಸೂರು ರೋಡಲ್ಲಿ ಓಗೋ ಬಸ್ಸು ಎಣಿಸೋದು ಬುಟ್ರೆ?"

"ಎಣಿಸಾಕೆ ಬಸ್ಸಾದ್ರೂ ಬತ್ತಾವೆ ನಮ್ಮೂರಿಗೆ."

"ಓಹೋಹೋ! ಮಿರ್ಲೆಗೆ ಬಂದು ಇಪ್ಪತ್ತೈದು ವರ್ಷ ಆಯ್ತು, ಇನ್ನೂ ನಮ್ಮೂರಂತೆ ನಮ್ಮೂರು!"

ಕಂಠ ಈಗ ಎರಡು ಬೀದಿ ದಾಟಿತ್ತು. ಗದ್ದಲ ಕೇಳಿ ಆ ಕಡೆಯಿಂದ ಚೆಲುವಯ್ಯ, ಈ ಕಡೆಯಿಂದ ಕನಕರಾಜು ಗಾಬರಿಯಾಗಿ ಓಡಿ ಬಂದರು. ಕನಕರಾಜು ಹೆಂಡತಿಯ ಕೈಯಲ್ಲಿದ್ದ ಸೌಟನ್ನು ಮೊದಲು ಕಿತ್ತುಕೊಂಡ. "ಅತ್ತಿಗೆ, ಏನೋ ತಿಳೀದೆ ಮಾಡವ್ಳೆ, ದೊಡ್ಡ ಮನಸ್ಸು ಮಾಡಿ..." ಅಂತ ಶುರುಮಾಡಿದ.

"ನೀನು ಸುಮ್ಕಿರು ಕನಕ, ಇದು ಆಟದ ವಿಷಯ" ಅಂದಳು ಸೋಮಮ್ಮ.

"ಅದೇ ಮತ್ತೆ, ನಿಮಗೆ ಯಾಕೆ?" ಅಂದಳು ಸುನಂದಮ್ಮ.

ಅಣ್ಣತಮ್ಮಂದಿರು ಗೋಡೆಯ ಮೇಲಿಂದ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಂದ ದಾರಿಯಲ್ಲೇ ವಾಪಸ್ ಹೋದರು.

ಸೋಮಮ್ಮ ಫೋನನ್ನು ಗೋಡೆಯ ಮೇಲೆ ಕುಕ್ಕಿದಳು. "ಆ ಕಾಯಿನ ಆಚೆಗೆ ತೆಗಿ."

"ಒಳೀಕೆ ಓದದ್ದು ಆಚೆಗೆ ಬರಾಕಿಲ್ಲ ಅಕ್ಕ. ಫೋನು ಒಪ್ಪಲ್ಲ."

"ಇದನ್ನ ಹಾಕಿಕೊಟ್ನಲ್ಲ ಅವನ್ಯಾರು, ಅವನಿಗೆ ಯೋಳು. ಸರಿಯಾದ ಆಟ ಹಾಕ್ಕೊಡು ಅನ್ನು."

"ನಾ ಯೋಳಿದ್ರೆ ಅವನು ನಗ್ತಾನೆ. ನೀನೇ ಬಂದು ಯೋಳು."

ಒಂದು ಗಳಿಗೆ ಸೋಮಮ್ಮನ ಕಣ್ಣು ಎಮ್ಮೆಯ ಕಡೆ ಹೋಯಿತು. ಅಕ್ಕ ಅತ್ತ ತಿರುಗಿದರೆ ಮುಗಿಯಿತು. ಸೋಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಇತ್ತ ತಿರುಗಿದಳು.

"ನಗರದ ಬಸ್ಸು ನಾಳಿಕೆ ಎಷ್ಟೊತ್ತಿಗೆ?"

ಬಸ್ಸಿನ ಹೊತ್ತು ಸುನಂದಮ್ಮನಿಗೆ ಬಾಯಿಪಾಠವಾಗಿತ್ತು.

"ಸರಿಯಾಗಿ ಗೊತ್ತಿಲ್ಲ ಕಣಕ್ಕ," ಅಂದಳು. "ಬಾ, ಸರ್ಕಲ್ ತಾವ ಓಗಿ ಕೇಳ್ಕಂಡು ಬರಾನ."